ಮಾರ್ಚ್ ಬಿಸಿಲಲ್ಲಿ ಅಂತರಗಂಗೆ–ತೇರಹಳ್ಳಿ ನಡಿಗೆ: ತಲೆಗೆ ಎಷ್ಟು ಲೀಟರ್ ನೀರು ಹೊರಬೇಕು?

ಚಿಂತಾಮಣಿ_ಚಾರಣ

ಎಲ್ಲರಿಗೂ ನಮಸ್ಕಾರ. ಮಾರ್ಚ್ ಕೊನೇ ವಾರ ಆರು ಜನ ಕೋಲಾರದ ಅಂತರಗಂಗೆ ಹತ್ತಿ, ಶತಶೃಂಗ ಬೆಟ್ಟದ ಸಾಲಿನ ಮೇಲೇ ತೇರಹಳ್ಳಿ ಕಡೆ ನಡೆದು ವಾಪಸ್ ಇಳಿಯೋ ಯೋಚನೆ ಇದೆ. ಅಲ್ಲಿ ಇಲ್ಲಿ ಸುತ್ತಾಡೋದೂ ಸೇರಿ 18–20 ಕಿ.ಮೀ. ಆಗಬಹುದು. ಬೆಳಗ್ಗೆ 8ಕ್ಕೆ ಶುರು, ಸಂಜೆ 4ಕ್ಕೆ ಕೆಳಗೆ.

ನೀರಿನ ವಿಷಯಕ್ಕೆ ಗುಂಪಲ್ಲಿ ಜಗಳ ನಡೀತಿದೆ. ಒಬ್ಬರು ತಲೆಗೆ ಎರಡು ಲೀಟರ್ ಸಾಕು ಅಂತಾರೆ, ಇನ್ನೊಬ್ಬರು ಐದಕ್ಕಿಂತ ಕಮ್ಮಿ ಬೇಡವೇ ಬೇಡ ಅಂತಾರೆ. ಮೂರನೆಯವರು "ಹತ್ತೋ ಮೊದಲೇ ಹೊಟ್ಟೆ ತುಂಬ ಕುಡಿದುಬಿಟ್ಟರೆ ಹೊರೋದು ಉಳಿಯುತ್ತೆ" ಅನ್ನೋ ಲೆಕ್ಕ ಹಾಕಿದ್ದಾರೆ. ಎಷ್ಟು ಹೊರಬೇಕು, ಯಾವಾಗ ಎಷ್ಟು ಕುಡೀಬೇಕು, ಮೇಲೆ ಎಲ್ಲಾದರೂ ತುಂಬಿಸಿಕೊಳ್ಳಬಹುದಾ, ಓಆರ್‌ಎಸ್ ಬೇಕಾ? ಗೊತ್ತಿರೋರು ಅಳತೆ ಸಮೇತ ಹೇಳಿದರೆ ಜಗಳ ಮುಗಿಯುತ್ತೆ.

ಏಕಶಿಲೆ_ಮಧುಗಿರಿ

ನೀರಿನ ಲೆಕ್ಕಕ್ಕೆ ಮೊದಲು ಗಡಿಯಾರ ಬದಲಾಯಿಸಿ. 8ಕ್ಕೆ ಹತ್ತೋಕೆ ಶುರು ಮಾಡಿದರೆ ನಡಿಗೆಯ ಅರ್ಧಕ್ಕಿಂತ ಹೆಚ್ಚು ಭಾಗ ಸುಡುಬಿಸಿಲಿಗೇ ಬೀಳುತ್ತೆ. ಮಾರ್ಚ್ ಕೊನೆಯಲ್ಲಿ ನಮ್ಮ ಕಡೆ ಸೂರ್ಯ ಹುಟ್ಟೋದು ಸುಮಾರು 6:20ಕ್ಕೆ, ನೆತ್ತಿಗೆ ಬರೋದು 12:20ರ ಆಸುಪಾಸು. ಆದರೆ ಗಾಳಿಯ ಕಾವು ಏರ್ತಾ ಹೋಗಿ ತುದಿ ಮುಟ್ಟೋದು 2ರಿಂದ 4ರ ನಡುವೆ. ಅಂದರೆ ನೀವು ಸುಸ್ತಾಗಿ ಇಳಿಯೋ ಹೊತ್ತೂ ದಿನದ ಅತಿ ಬಿಸಿ ಹೊತ್ತೂ ಒಂದೇ. ಬೆಳಕು ಹರಿಯುತ್ತಲೇ ಹೊರಟು, 11ರೊಳಗೆ ದೊಡ್ಡ ಭಾಗ ಮುಗಿಸಿ, 12ರಿಂದ 3:30ರವರೆಗೆ ಮರದ ನೆರಳಲ್ಲೋ ಊರಲ್ಲೋ ಕೂತು, ಆಮೇಲೆ ಇಳಿಯಿರಿ. ಇಷ್ಟು ಮಾಡಿದರೇ ತಲೆಗೆ ಒಂದು ಲೀಟರ್ ಹತ್ತಿರ ಉಳಿಯುತ್ತೆ.

ಬಂಡೆ ಬೆಟ್ಟಕ್ಕೂ ಕಾಡು ಬೆಟ್ಟಕ್ಕೂ ವ್ಯತ್ಯಾಸ ಇದೆ. ಹವಾಮಾನ ವರದಿಯಲ್ಲಿ 35 ಡಿಗ್ರಿ ಅಂತ ಬರೆದಿದ್ದರೆ ಅದು ನೆರಳಿನ ಅಳತೆ. ಬಿಸಿಲಿಗೆ ಬಿದ್ದ ಗ್ರಾನೈಟ್ ಬಂಡೆ 50 ಡಿಗ್ರಿ ದಾಟುತ್ತೆ, ಅದರ ಝಳ ಕಾಲಿನಿಂದ ಮುಖಕ್ಕೆ ಹೊಡೆಯುತ್ತೆ. ಮೇಲಿಂದ ಸೂರ್ಯ, ಕೆಳಗಿಂದ ಬಂಡೆ, ರೊಟ್ಟಿ ಎರಡೂ ಕಡೆ ಬೆಂದ ಹಾಗೆ. ಮಧುಗಿರಿ ಏಕಶಿಲಾ ಬೆಟ್ಟಕ್ಕೂ ಸ್ಕಂದಗಿರಿಗೂ ಇದೇ ಮಾತು.

ಇನ್ನು ಲೀಟರ್. 60–70 ಕೆಜಿ ತೂಕದ ಮನುಷ್ಯ ತಂಪು ಹೊತ್ತಲ್ಲಿ ಬೆಟ್ಟ ಹತ್ತಿದರೆ ಗಂಟೆಗೆ ಸುಮಾರು ಅರ್ಧ ಲೀಟರ್ ಬೆವರು ಹೋಗುತ್ತೆ, ಬಿಸಿಲೇರಿದ ಮೇಲೆ ಮುಕ್ಕಾಲು ಲೀಟರಿಂದ ಒಂದು ಲೀಟರ್. 6:30ರಿಂದ 10ರವರೆಗೆ ಮೂರೂವರೆ ಗಂಟೆಗೆ 1.75 ಲೀಟರ್. 10ರಿಂದ 12, ಎರಡು ಗಂಟೆಗೆ 1.5. ನೆರಳಲ್ಲಿ ಕೂರೋ ಹೊತ್ತಿಗೆ ಅರ್ಧ. ಇಳಿಯೋಕೆ ಇನ್ನೊಂದು. ಒಟ್ಟು 4.75. ದಾರಿ ತಪ್ಪಿದರೆ, ಯಾರಿಗಾದರೂ ಕಾಲು ಉಳುಕಿದರೆ ಅಂತ ಮುಟ್ಟದೇ ಇಡೋದು ಅರ್ಧ ಲೀಟರ್. ಐದು ಲೀಟರ್ ಅಂದವರು ಸರಿ, ಎರಡು ಅಂದವರು ಹತ್ತು ಗಂಟೆಗೇ ಬೇರೆಯವರ ಬಾಟಲಿ ನೋಡ್ತಾ ಕೂರ್ತಾರೆ.

ಇದು ಸರಾಸರಿ ಅಷ್ಟೇ. ನಿಮ್ಮದೇ ಅಂಕಿ ಬೇಕಂದರೆ ಒಂದು ಭಾನುವಾರ ಹೀಗೆ ಮಾಡಿ: ಮೂತ್ರ ಮಾಡಿ, ಕಮ್ಮಿ ಬಟ್ಟೆಯಲ್ಲಿ ತೂಕ ನೋಡಿ. ಬಿಸಿಲಲ್ಲಿ ಒಂದು ಗಂಟೆ ಏರು ದಾರಿ ನಡೆಯಿರಿ, ಎಷ್ಟು ಕುಡಿದಿರಿ ಅಳೆದಿಡಿ. ಮೈ ಒರೆಸಿಕೊಂಡು ಮತ್ತೆ ತೂಕ ನೋಡಿ. 64 ಕೆಜಿ ಇದ್ದದ್ದು 63.5 ಆಗಿ, ನಡುವೆ 300 ಎಂ.ಎಲ್. ಕುಡಿದಿದ್ದರೆ ಗಂಟೆಗೆ 800 ಎಂ.ಎಲ್. ಬೆವರು. ಒಂದೇ ಗುಂಪಲ್ಲಿ ಒಬ್ಬರಿಗಿಂತ ಇನ್ನೊಬ್ಬರಿಗೆ ದುಪ್ಪಟ್ಟು ಬರೋದು ಮಾಮೂಲು. ಹಾಗಾಗಿ ಆರು ಜನಕ್ಕೂ ಒಂದೇ ಅಳತೆ ಹಂಚಬೇಡಿ.

ಒಣಹವೆಯಲ್ಲಿ ಬೆವರು ಬಂದಷ್ಟು ಬೇಗ ಆರಿಹೋಗುತ್ತೆ. ಮಂಗಳೂರಲ್ಲಾದರೆ ಅಂಗಿ ತೊಪ್ಪೆಯಾಗಿ ಗೊತ್ತಾಗುತ್ತೆ. ಇಲ್ಲಿ ಅಂಗಿ ಒಣಗೇ ಇರುತ್ತೆ, "ನಾನೇನು ಅಷ್ಟು ಬೆವರಲಿಲ್ಲ" ಅನ್ಸುತ್ತೆ. ಬೆನ್ನ ಮೇಲೆ, ಟೋಪಿ ಅಂಚಲ್ಲಿ ಬಿಳಿ ಉಪ್ಪಿನ ಗೆರೆ ಕಂಡರೆ ಲೀಟರ್‌ಗಟ್ಟಲೆ ಹೋಗಿದೆ ಅಂತಲೇ ಲೆಕ್ಕ.

ಕುಡಿಯೋ ಕ್ರಮ: 15–20 ನಿಮಿಷಕ್ಕೊಮ್ಮೆ 150–200 ಎಂ.ಎಲ್., ಅಂದರೆ ನಾಲ್ಕೈದು ದೊಡ್ಡ ಗುಟುಕು. ಒಂದು ಗಂಟೆ ಬಾಯಿ ಕಟ್ಟಿಕೊಂಡು ಆಮೇಲೆ ಒಂದೇ ಸಲ ಒಂದು ಲೀಟರ್ ಸುರಿದುಕೊಂಡರೆ ಹೊಟ್ಟೆ ಕುಲುಕಾಡುತ್ತೆ, ವಾಕರಿಕೆ ಬರುತ್ತೆ. ಕರುಳು ಒಂದು ಗಂಟೆಗೆ ಹೀರೋದು ಹೆಚ್ಚೂಕಮ್ಮಿ ಒಂದು ಲೀಟರ್ ಅಷ್ಟೇ. ಮೂರನೆಯವರ "ಮೊದಲೇ ಹೊಟ್ಟೆ ತುಂಬ" ಯೋಜನೆ ಕೆಡೋದೂ ಇಲ್ಲೇ. ಹೆಚ್ಚಾದ ನೀರನ್ನ ಮೂತ್ರಪಿಂಡ ಒಂದೆರಡು ಗಂಟೆಯಲ್ಲಿ ಹೊರಗೆ ಹಾಕುತ್ತೆ, ಒಂಟೆಯ ಡುಬ್ಬ ನಮಗಿಲ್ಲ. (ಒಂಟೆಯ ಡುಬ್ಬದಲ್ಲೂ ಇರೋದು ಕೊಬ್ಬು, ನೀರಲ್ಲ.) ಹಿಂದಿನ ಸಂಜೆಯಿಂದ ಸರಿಯಾಗಿ ಕುಡಿದು, ಬೆಳಗ್ಗೆ ಎದ್ದ ಕೂಡಲೇ 400 ಎಂ.ಎಲ್. ತಗೊಂಡು, ಮೂತ್ರ ತಿಳಿ ಹಳದಿ ಇದ್ದರೆ ಸಾಕು.

ಕೋಲಾರದ_ಕಲ್ಲು

ಮೇಲೆ ತುಂಬಿಸಿಕೊಳ್ಳೋ ವಿಚಾರ ನಾನು ಹೇಳ್ತೀನಿ, ಲೆಕ್ಕ ಎಲ್ಲ ಏಕಶಿಲೆಯೋರು ಹೇಳಿದಂಗೇ ಐತೆ.

ಅಂತರಗಂಗೆಯಲ್ಲಿ ಕಲ್ಲಿನ ಬಸವನ ಬಾಯಿಂದ ವರ್ಷವೆಲ್ಲ ನೀರು ಬೀಳ್ತದೆ. ತೀರ್ಥ ಅಂತ ಕುಡಿಯೋರು ಕುಡೀತಾರೆ, ಭಕ್ತಿಗೆ ನಾನು ಅಡ್ಡ ಬರಲ್ಲ. ಆದರೆ ದಿನದ ನೀರು ಅಂತ ಬಾಟಲಿಗೆ ಹಿಡಿಯೋದಾದರೆ ಕ್ಲೋರಿನ್ ಮಾತ್ರೆ ಹಾಕಿ. ಅದೂ ಬೆಟ್ಟದ ಶುರುವಿನಲ್ಲೇ ಸಿಗೋ ನೀರು, ದಾರಿ ಮಧ್ಯಕ್ಕೆ ಉಪಯೋಗಕ್ಕೆ ಬರಲ್ಲ.

ಮೇಲೆ ಊರುಗಳವೆ, ಅಲ್ಲಿ ಕೇಳಿದರೆ ಒಂದು ಕೊಡ ನೀರಿಗೆ ಯಾರೂ ಇಲ್ಲ ಅನ್ನಲ್ಲ. ಆದರೆ ಬೇಸಿಗೇಲಿ ಅವರಿಗೇ ನೀರು ಬರೋದು ಹೊತ್ತು ನೋಡಿಕೊಂಡು. ಕರೆಂಟ್ ಇಲ್ಲ ಅಂದರೆ ಮೋಟ್ರು ಓಡಲ್ಲ, ತೊಟ್ಟಿ ಖಾಲಿ. ಆರು ಜನ ಒಂದೇ ಸಲ ಹೋಗಿ ಹನ್ನೆರಡು ಲೀಟರ್ ಕೇಳೋದು ನ್ಯಾಯ ಅಲ್ಲ. ಹಂಗಾಗಿ ತಲೆಗೆ ನಾಲ್ಕು ಲೀಟರ್ ಕೆಳಗಿಂದಲೇ ಹೊತ್ತುಕೊಂಡು, ಒಂದು ಲೀಟರ್ ಮಾತ್ರ ಊರಿನ ಲೆಕ್ಕಕ್ಕೆ ಇಟ್ಟುಕೊಳ್ಳಿ. ಅದು ಸಿಗದೇ ಹೋದರೆ ಮುಂದೆ ಹೋಗದೆ ವಾಪಸ್ ತಿರುಗಿ. ಹೊತ್ತ ನೀರಲ್ಲಿ ಅರ್ಧ ಮುಗಿಯೋ ಹೊತ್ತಿಗೆ ದಾರಿ ಅರ್ಧ ಮುಗಿದಿಲ್ಲ ಅಂದರೂ ಅಷ್ಟೇ, ತಿರುಗಿ.

ಬೋರ್‌ವೆಲ್ ನೀರಿನ ಮಾತು. ಕೋಲಾರ, ಚಿಕ್ಕಬಳ್ಳಾಪುರ, ಆ ಕಡೆ ಪಾವಗಡ, ಎಲ್ಲ ಕಡೆ ಆಳದ ನೀರಲ್ಲಿ ಫ್ಲೋರೈಡ್ ಐತೆ. ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಅಂತ ನಮ್ಮ ದೇಶದ ಮಾನದಂಡ. ಒಂದು ದಿನ ಕುಡಿದರೆ ಹಲ್ಲು ಮೂಳೆ ಏನೂ ಆಗಲ್ಲ, ವರ್ಷಗಟ್ಟಲೆ ಕುಡಿಯೋರಿಗೆ ಅದು ಶಾಪ. ಬಾಯಾರಿ ಸಾಯ್ತಾ ಇರುವಾಗ ಫ್ಲೋರೈಡ್ ಅಂತ ಬಿಡಬೇಡಿ. ಆದರೆ "ಕುದಿಸಿದರೆ ಹೋಗ್ತದೆ" ಅನ್ನೋದು ಸುಳ್ಳು. ಕುದಿಸಿದರೆ ನೀರು ಇಂಗಿ ಅದು ಇನ್ನೂ ಗಟ್ಟಿಯಾಗ್ತದೆ. ಕ್ಲೋರಿನ್ ಮಾತ್ರೆಗೂ, ಚಾರಣಕ್ಕೆ ಮಾರೋ ಸಣ್ಣ ಫಿಲ್ಟರಿಗೂ ಅದು ಬಗ್ಗಲ್ಲ. ಕೆಳಗೆ ಊರಲ್ಲಿ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಹಿಡಿದುಕೊಳ್ಳೋದೇ ಸರಿ. ಆರು ಜನಕ್ಕೆ 20 ಲೀಟರ್ ಕ್ಯಾನ್ ಎರಡು: ಹೊರೋಕೆ 24 ಲೀಟರ್, ಉಳಿದದ್ದು ಗಾಡೀಲಿ. ಇಳಿದು ಬಂದಾಗ ಅದರ ಬೆಲೆ ತಿಳೀತದೆ.

ದೊಣೆ ನೀರು: ಬಂಡೆ ಮೇಲಿನ ದೊಣೆಗಳು ಇಲ್ಲೂ ಅವೆ, ಗುಡಿಬಂಡೆ ಕೋಟೆ ಮೇಲಂತೂ ಮಳೆನೀರಿಗೆ ಅಂತಲೇ ಇರೋ ದೊಣೆಗಳು. ಮಾರ್ಚ್ ಹೊತ್ತಿಗೆ ಒಣಗಿರ್ತವೆ, ಇಲ್ಲಾಂದ್ರೆ ಹಸಿರು ಪಾಚಿ. ಆ ಹಸಿರಲ್ಲಿ ಕೆಲವು ಜಾತಿ ವಿಷ ಬಿಡ್ತವೆ, ಕುದಿಸಿದರೂ ಕ್ಲೋರಿನ್ ಹಾಕಿದರೂ ಆ ವಿಷ ಹೋಗಲ್ಲ. ತಲೆಗೆ ಬಟ್ಟೆ ನೆನೆಸಿ ಕಟ್ಟೋಕೂ ಹಸಿರು ನೀರು ಬೇಡ.

ಕೆರೆ ನೋಡಿ ಮೋಸ ಹೋಗಬೇಡಿ. ಬೇಸಿಗೇಲೂ ಕೋಲಾರದ ಸುಮಾರು ಕೆರೆ ತುಂಬಿರ್ತವೆ. ಅದು 2018ರಿಂದ ಕೆ.ಸಿ. ವ್ಯಾಲಿ ಯೋಜನೇಲಿ ಬರ್ತಾ ಇರೋ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು. ಚಿಕ್ಕಬಳ್ಳಾಪುರದ ಕಡೆ ಎಚ್.ಎನ್. ವ್ಯಾಲಿ. ಅಂತರ್ಜಲ ಏರಲಿ ಅಂತ ಎರಡನೇ ಹಂತದವರೆಗೆ ಶುದ್ಧಿ ಮಾಡಿ ಬಿಟ್ಟಿರೋದು, ಬಾಟಲಿಗೆ ಹಿಡಿಯೋಕಲ್ಲ.

ಕ್ಲೋರಿನ್ ಮಾತ್ರೆ ಹಾಕೋರು ಪಟ್ಟಿ ಮೇಲೆ ಎಷ್ಟು ಲೀಟರಿಗೆ ಅಂತ ಬರೆದೈತೆ ನೋಡಿ. 1 ಲೀಟರಿನದೂ ಸಿಗ್ತದೆ, 20 ಲೀಟರಿನದೂ ಸಿಗ್ತದೆ. ಕದಡಿದ ನೀರಾದರೆ ಮೊದಲು ಪಂಚೆ ನಾಲ್ಕು ಮಡಿಕೆ ಮಾಡಿ ಸೋಸಿ. ಮಾತ್ರೆ ಹಾಕಿ 30 ನಿಮಿಷ ಕಾಯಿರಿ, ಮುಚ್ಚಳದ ಸುತ್ತಿಗೂ ಆ ನೀರು ತಾಗಲಿ. ನಿಂಬೆಹಣ್ಣು ಹಿಂಡೋದಾದರೆ ಆ ಅರ್ಧ ಗಂಟೆ ಆದ ಮೇಲೆ. ಮೊದಲೇ ಹಿಂಡಿದರೆ ಅದರ ವಿಟಮಿನ್ ಸಿ ಕ್ಲೋರಿನ್ನನ್ನೇ ತಿಂದುಬಿಡ್ತದೆ, ಮಾತ್ರೆ ದಂಡ.

ಕೋತಿ ಬಗ್ಗೆ ಹೇಳೋದೇ ಬೇಡ. ಬಾಟಲಿ ಚೀಲದ ಹೊರಗಿನ ಜೇಬಲ್ಲಿ ಇಟ್ಟರೆ ಮೊದಲ ಮೆಟ್ಟಿಲಲ್ಲೇ ಹೋಯ್ತು, ಬಣ್ಣದ ಪಾನೀಯ ಆದರೆ ಇನ್ನೂ ಬೇಗ. ಬರೋವಾಗ ಬೇಕಾಗ್ತದೆ ಅಂತ ದಾರೀಲಿ ಕಲ್ಲಿನ ಸಂದೀಲಿ ಬಾಟಲಿ ಬಚ್ಚಿಟ್ಟು ಹೋಗೋದನ್ನೂ ನಂಬಬೇಡಿ.

ಮಜ್ಜಿಗೆ_ಮಡಕೆ

ಅಂಗಡಿ ಪುಡಿಗಳಿಗೆ ದುಡ್ಡು ಸುರಿಯೋ ಮೊದಲು ನೀರು ಮಜ್ಜಿಗೆ ಇದೆ ಅಂತ ನೆನಪಿರಲಿ. ಒಂದು ಲೀಟರಿಗೆ ಟೀ ಚಮಚದಲ್ಲಿ ಮಟ್ಟಸವಾಗಿ ಅರ್ಧ ಉಪ್ಪು, ಶುಂಠಿ, ಕರಿಬೇವು. ಬೆಣ್ಣೆ ಪೂರ್ತಿ ತೆಗೆದಿರಬೇಕು, ಇಲ್ಲದಿದ್ದರೆ ಏರು ದಾರಿಯಲ್ಲಿ ಹೊಟ್ಟೆ ಭಾರ. ಬಿಸಿಲಲ್ಲಿ ಮೂರು ನಾಲ್ಕು ಗಂಟೆಗೆ ಹುಳಿ ಏರಿ ಬಾಟಲಿ ಉಬ್ಬುತ್ತೆ, ಆದ್ದರಿಂದ ಮೊದಲು ಖಾಲಿ ಮಾಡಬೇಕಾದ್ದು ಇದನ್ನೇ. ರಾಗಿ ಅಂಬಲಿಗೂ ಇದೇ ಮಾತು. ಹೊರಡುವ ಮುನ್ನ ಒಂದು ದೊಡ್ಡ ಲೋಟ ಉಪ್ಪು ಹಾಕಿದ ಅಂಬಲಿ ಕುಡಿದರೆ ನೀರು, ಉಪ್ಪು, ಹಿಟ್ಟು ಮೂರೂ ಒಟ್ಟಿಗೆ ಆಯ್ತು.

ಎಳನೀರು ನಮ್ಮ ತುಮಕೂರಿನ ಹೆಮ್ಮೆ, ಆದರೂ ನಿಜ ಹೇಳಬೇಕು: ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ, ಸೋಡಿಯಂ ಕಮ್ಮಿ. ಬೆವರಲ್ಲಿ ಹೋಗೋದು ಮುಖ್ಯವಾಗಿ ಸೋಡಿಯಂ. ಇಳಿದು ಬಂದ ಮೇಲೆ ಎಳನೀರು ಕುಡಿಯಿರಿ, ಜೊತೆಗೆ ಉಪ್ಪು ಹಾಕಿದ ಕಡಲೆಕಾಯಿ ಇರಲಿ.

ಅಳತೆ_ಚಮಚ

ಉಪ್ಪಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಡೀ ಚರ್ಚೆಯಲ್ಲಿ ನೀರು ಕಮ್ಮಿಯಾಗುವ ಭಯವೇ ಕಾಣುತ್ತಿದೆ. ಬರೀ ನೀರನ್ನು ವಿಪರೀತ ಕುಡಿದರೂ ಆಸ್ಪತ್ರೆ ಸೇರಬಹುದು.

ಒಂದು ಲೀಟರ್ ಬೆವರಿನ ಜೊತೆ ಸರಾಸರಿ ಎರಡು ಮೂರು ಗ್ರಾಂ ಉಪ್ಪು ಹೋಗುತ್ತದೆ. ನಾಲ್ಕು ಲೀಟರ್ ಬೆವರಿ, ನಾಲ್ಕು ಲೀಟರಿಗಿಂತ ಹೆಚ್ಚು ಬರೀ ನೀರು ಕುಡಿದು, ಏನೂ ತಿನ್ನದಿದ್ದರೆ ರಕ್ತದ ಸೋಡಿಯಂ ತೆಳುವಾಗುತ್ತದೆ. ಲೀಟರಿಗೆ 135 ಮಿಲಿಮೋಲ್‌ಗಿಂತ ಕೆಳಗಿಳಿದರೆ ತಲೆನೋವು, ವಾಕರಿಕೆ, ಗಲಿಬಿಲಿ ಶುರುವಾಗುತ್ತದೆ, ಇನ್ನೂ ಇಳಿದರೆ ಫಿಟ್ಸ್. ಕಷ್ಟ ಏನೆಂದರೆ ನೀರು ಕಮ್ಮಿಯಾದಾಗಲೂ ತಲೆನೋವು, ವಾಕರಿಕೆಯೇ. ಆಗ ಜೊತೆಗಿದ್ದವರು ಇನ್ನಷ್ಟು ನೀರು ಕುಡಿಸುತ್ತಾರೆ. ಆದ್ದರಿಂದ ಮೊದಲು ಕೇಳಿ: ಎಷ್ಟು ಕುಡಿದೆ, ಮೂತ್ರ ಯಾವಾಗ ಹೋದೆ, ಯಾವ ಬಣ್ಣ? ಬೆಳಗ್ಗೆಯಿಂದ ಮೂತ್ರವೇ ಇಲ್ಲ ಅಥವಾ ಕಡು ಹಳದಿ, ಬಾಯಿ ಒಣಗಿದೆ ಎಂದರೆ ನೀರಿನ ಕೊರತೆ. ಪದೇ ಪದೇ ನೀರಿನಂತೆ ಬಿಳಿ ಮೂತ್ರ, ಹೊಟ್ಟೆ ಉಬ್ಬರ, ಉಂಗುರ ಬಿಗಿಯಾಗುವಷ್ಟು ಬೆರಳು ಊತ ಇದ್ದರೆ ನೀರು ನಿಲ್ಲಿಸಿ, ಉಪ್ಪು ತಿಂಡಿ ಕೊಟ್ಟು, ಕೆಳಗೆ ಇಳಿಸಿ. ಗಲಿಬಿಲಿ ಇದ್ದರೆ ನೇರ ಆಸ್ಪತ್ರೆಗೆ. ಗಂಟೆಗೆ ಒಂದೂವರೆ ಲೀಟರ್ ದಾಟಿ ಯಾರೂ ಕುಡಿಯುವುದು ಬೇಡ.

ಓಆರ್‌ಎಸ್ ಕಲಸುವಾಗಿನ ತಪ್ಪೇ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ದೊಡ್ಡ ಪೊಟ್ಟಣ ಒಂದು ಲೀಟರಿಗೆ: ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5, ಪೊಟ್ಯಾಶಿಯಂ ಕ್ಲೋರೈಡ್ 1.5, ಸಿಟ್ರೇಟ್ 2.9, ಒಟ್ಟು 20.5 ಗ್ರಾಂ. ಸಣ್ಣ ಪೊಟ್ಟಣ 200 ಎಂ.ಎಲ್.ಗೆ. ದೊಡ್ಡದನ್ನು ಅರ್ಧ ಲೀಟರ್ ಬಾಟಲಿಗೆ ಸುರಿದರೆ ದ್ರಾವಣ ಗಟ್ಟಿಯಾಗಿ ಕರುಳು ಮೈಯೊಳಗಿನ ನೀರನ್ನೇ ತನ್ನೊಳಕ್ಕೆ ಎಳೆದುಕೊಳ್ಳುತ್ತದೆ, ಭೇದಿ ಹಿಡಿಯುತ್ತದೆ. ನಿಮ್ಮ ಸ್ಟೀಲ್ ಬಾಟಲಿ ನಿಜವಾಗಿ ಒಂದು ಲೀಟರಾ, 750 ಎಂ.ಎಲ್.ಆ ಎಂದು ಮನೆಯಲ್ಲೇ ಅಳೆದುಕೊಳ್ಳಿ. ಕಲಸಿದ್ದನ್ನು 24 ಗಂಟೆಯಾದ ಮೇಲೆ ಚೆಲ್ಲಿ. ಸೋಡಾ, ಜ್ಯೂಸಿಗೆ ಬೆರೆಸಬೇಡಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರಿಗೆ ಮಟ್ಟಸ ಟೀ ಚಮಚದಲ್ಲಿ ಸಕ್ಕರೆ ಆರು, ಉಪ್ಪು ಅರ್ಧ.

ಹೆಸರಲ್ಲಿ ಓಆರ್‌ಎಸ್ ಎಂದಿದ್ದ ಸಿಹಿ ಪಾನೀಯದ ಡಬ್ಬಿಗಳು ಬೇರೆ. ಸೂತ್ರಕ್ಕೆ ಸರಿಹೊಂದದ ಪಾನೀಯಗಳ ಮೇಲೆ ಆ ಪದ ಬಳಸಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಔಷಧಿ ಅಂಗಡಿಯಲ್ಲಿ ಪುಡಿಯ ಪೊಟ್ಟಣವನ್ನೇ ಕೇಳಿ. ಬರೀ ಗ್ಲೂಕೋಸ್ ಪುಡಿಯೂ ಇದಕ್ಕೆ ಬದಲಿ ಅಲ್ಲ, ಅದರಲ್ಲಿ ಬಹುಪಾಲು ಸಕ್ಕರೆ.

ನಿಮ್ಮ ನಡಿಗೆಗೆ ಐದರಲ್ಲಿ ಒಂದೂವರೆ ಲೀಟರ್ ಉಪ್ಪಿರುವ ಪಾನೀಯ ಸಾಕು, ಮಜ್ಜಿಗೆಯೂ ಆ ಲೆಕ್ಕಕ್ಕೇ ಸೇರಲಿ. ಉಳಿದ ಉಪ್ಪು ಊಟದಿಂದ: ಚಿತ್ರಾನ್ನ, ಉಪ್ಪಿನಕಾಯಿ, ಉಪ್ಪುಖಾರ ಸವರಿದ ಮಾವಿನಕಾಯಿ, ಸೌತೆಕಾಯಿ. ಒಣ ಚಪಾತಿ, ಚಿಪ್ಸ್ ತಂದರೆ ನುಂಗುವುದಕ್ಕೇ ಅರ್ಧ ಬಾಟಲಿ ಹೋಗುತ್ತದೆ.

ಚಿಂತಾಮಣಿ_ಚಾರಣ

ಎಲ್ಲರಿಗೂ ತುಂಬ ಥ್ಯಾಂಕ್ಸ್. 6ಕ್ಕೆ ಬೆಟ್ಟದ ಬುಡದಲ್ಲಿ ಇರೋದು ಅಂತ ತೀರ್ಮಾನ ಆಯ್ತು. ಎರಡು ಸಣ್ಣ ಪ್ರಶ್ನೆ. ಗುಂಪಲ್ಲಿ 58 ವರ್ಷದ ದೊಡ್ಡಪ್ಪ ಇದ್ದಾರೆ, ಬಿಪಿ ಮಾತ್ರೆ ತಗೊಳ್ತಾರೆ, ಅವರಿಗೂ ಓಆರ್‌ಎಸ್ ಕೊಡಬಹುದಾ? ಇನ್ನೊಂದು, ಪೈಪ್ ಇರೋ ನೀರಿನ ಚೀಲ ಒಳ್ಳೇದಾ, ಬಾಟಲಿ ಒಳ್ಳೇದಾ?

ಗುಬ್ಬಿ_ಔಷಧಿ

ದೊಡ್ಡಪ್ಪನವರ ಮಾತ್ರೆಯ ಪಟ್ಟಿ ತಿರುಗಿಸಿ ನೋಡಿ. ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್ಥಾಲಿಡೋನ್ ಅಂತೇನಾದರೂ ಇದ್ದರೆ ಅದು ಮೂತ್ರ ಹೆಚ್ಚು ಮಾಡುವ ಮಾತ್ರೆ. ನೀರಿನ ಜೊತೆ ಸೋಡಿಯಮ್ಮನ್ನೂ ಹೊರಗೆ ಹಾಕುತ್ತೆ, ಬಿಸಿಲಲ್ಲಿ ಎರಡೂ ಕಡೆಯಿಂದ ನಷ್ಟ. ಎಷ್ಟೋ ಬಿಪಿ ಮಾತ್ರೆಗಳಲ್ಲಿ ಬೇರೆ ಔಷಧಿ ಜೊತೆ ಇದು ಸೇರಿಕೊಂಡೇ ಇರುತ್ತೆ, ಹೆಸರಿನ ಕೊನೆಗೆ "ಎಚ್" ಅಂತ ಇದ್ದರೆ ಸಾಮಾನ್ಯವಾಗಿ ಇದೇ. ಟೆಲ್ಮಿಸಾರ್ಟನ್ ತರಹದ್ದು ತಗೊಳ್ಳೋರಿಗೆ ಮೈ ನೀರು ಇಳಿದಾಗ ಬಿಪಿ ದಿಢೀರ್ ಬಿದ್ದು, ಕೂತವರು ಏಳುವಾಗ ತಲೆ ಸುತ್ತಬಹುದು. ಪೊಟ್ಯಾಶಿಯಂ ಏರುವ ಸಂಭವವೂ ಇರೋದರಿಂದ ಓಆರ್‌ಎಸ್, ಎಳನೀರು ಎಷ್ಟು ಅಂತ ಅವರ ಡಾಕ್ಟರನ್ನೇ ಕೇಳಿ. ಮಾತ್ರೆ ನೀವೇ ನಿಲ್ಲಿಸಬೇಡಿ. ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇದ್ದರೆ ಈ ನಡಿಗೆ ಡಿಸೆಂಬರಿಗೆ ಇಟ್ಟುಕೊಳ್ಳಿ.

ಮಂಡಿ ನೋವು ಅಂತ ದಾರಿಯಲ್ಲಿ ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗೋ ಅಭ್ಯಾಸ ಯಾರಿಗಿದ್ದರೂ ಅವತ್ತು ಬೇಡ. ನೀರು ಕಮ್ಮಿಯಿರುವ ಮೈಯಲ್ಲಿ ಅವು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ, ಬಿಪಿ ಮಾತ್ರೆ ಜೊತೆ ಇನ್ನೂ ಜಾಸ್ತಿ.

ಯಾರಾದರೂ ತೊದಲಿದರೆ, ಸಿಡುಕಿದರೆ, ಹಾಡ್ತಾ ಇದ್ದವರು ಸುಮ್ಮನಾದರೆ ಗಮನಿಸಿ. ಮೈ ಕೆಂಡದಂತೆ ಸುಡ್ತಾ ಗೊತ್ತುಗುರಿ ಇಲ್ಲದೆ ಮಾತಾಡಿದರೆ ಅದು ಶಾಖಾಘಾತ, ಬೆವರು ಇದ್ದರೂ ಸರಿ. ಮೊದಲು ತಂಪು ಮಾಡಿ: ನೆರಳು, ಬಟ್ಟೆ ಸಡಿಲ, ಇರೋ ನೀರನ್ನೆಲ್ಲ ತಲೆ, ಕತ್ತು, ಕಂಕುಳು, ತೊಡೆಸಂದಿಗೆ ಹಾಕಿ ಟವೆಲ್‌ನಲ್ಲಿ ಗಾಳಿ ಹೊಡೀರಿ. ಒಬ್ಬರು 108ಕ್ಕೆ ಫೋನ್ ಮಾಡಲಿ. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ಪ್ಯಾರಾಸಿಟಮಾಲ್ ಇದಕ್ಕೆ ಕೆಲಸ ಮಾಡಲ್ಲ, ಇದು ಜ್ವರ ಅಲ್ಲ.

ಏಕಶಿಲೆ_ಮಧುಗಿರಿ

ಚೀಲ-ಬಾಟಲಿ ಪ್ರಶ್ನೆಗೆ: ಎರಡೂ ಇರಲಿ. ಪೈಪ್ ಚೀಲದಿಂದ ನಡೀತಾ ನಡೀತಾ ಕುಡಿಯಬಹುದು, ಅದೇ ಅದರ ಲಾಭ. ಆದರೆ ಎಷ್ಟು ಉಳಿದಿದೆ ಅಂತ ಕಾಣಲ್ಲ, ಗಾಳಿ ಎಳೆದಾಗಲೇ ಗೊತ್ತಾಗೋದು. ಬಿಸಿಲಿಗೆ ಪೈಪಿನೊಳಗಿನ ನೀರು ಕಾದು ಮೊದಲ ಗುಟುಕು ಟೀ ಆಗಿರುತ್ತೆ. ಕುಡಿದ ಮೇಲೆ ಒಂದು ಸಲ ಊದಿ ನೀರನ್ನ ಚೀಲಕ್ಕೇ ವಾಪಸ್ ಕಳಿಸಿ. ಕಚ್ಚುವ ತುದಿ ಚೀಲದ ಅಡಿ ಸಿಕ್ಕಿ ಒತ್ತಿಕೊಂಡರೆ ಎಲ್ಲ ಸೋರಿಹೋಗುತ್ತೆ. ಅದರಲ್ಲಿ ಬರೀ ನೀರು ಮಾತ್ರ, ಓಆರ್‌ಎಸ್ ಅಥವಾ ನಿಂಬೆ ಪಾನಕ ಹಾಕಿದರೆ ಪೈಪಿನೊಳಗೆ ಬೂಸ್ಟು ಹಿಡಿಯುತ್ತೆ, ತೊಳೆಯೋದು ತಲೆನೋವು. ಎರಡು ಲೀಟರ್ ಚೀಲ, ಒಂದೊಂದು ಲೀಟರಿನ ಎರಡು ಬಾಟಲಿ, ಖಾಲಿ ಬಾಟಲಿ ಒಂದು ಊರಲ್ಲಿ ತುಂಬಿಸೋಕೆ. ಉಪ್ಪಿನದು ಬಾಟಲಿಯಲ್ಲೇ.

ನಾಲ್ಕು ಲೀಟರ್ ಅಂದರೆ ನಾಲ್ಕು ಕೆಜಿ, ಅದರ ಮೇಲೆ ಸ್ಟೀಲ್ ಬಾಟಲಿಯ ಭಾರ ಯಾಕೆ, ಹಗುರ ಪ್ಲಾಸ್ಟಿಕ್ ಗಟ್ಟಿ ಬಾಟಲಿ ಸಾಕು. ಹಿಂದಿನ ರಾತ್ರಿ ಒಂದನ್ನ ಮುಕ್ಕಾಲು ಮಾತ್ರ ತುಂಬಿ ಫ್ರೀಜರಿಗೆ ಹಾಕಿ, ಪೂರ್ತಿ ತುಂಬಿದರೆ ಮಂಜುಗಡ್ಡೆ ಹಿಗ್ಗಿ ಒಡೆಯುತ್ತೆ. ಅದನ್ನ ಟವೆಲ್ ಸುತ್ತಿ ಚೀಲದ ನಡುವೆ ಇಟ್ಟರೆ 11ರ ಹೊತ್ತಿಗೂ ತಣ್ಣಗಿರುತ್ತೆ. ಕಾದ ನೀರನ್ನ ಜನ ಕುಡಿಯೋದೇ ಕಮ್ಮಿ ಮಾಡ್ತಾರೆ, ಅದಕ್ಕೇ ಇಷ್ಟು ಹೇಳಿದ್ದು. ಹಳಬರು ಹೊಲಕ್ಕೆ ನೀರು ಒಯ್ಯುತ್ತಿದ್ದ ಸೋರೆ ಬುರುಡೆ ಈಗ ಸಿಗಲ್ಲ. ಬಾಟಲಿಗೆ ಒದ್ದೆ ಹತ್ತಿ ಬಟ್ಟೆ ಸುತ್ತಿ ನೆರಳಲ್ಲಿ ಗಾಳಿಗೆ ಇಡಿ, ನಮ್ಮ ಒಣಗಾಳಿಗೆ ಚೆನ್ನಾಗೇ ತಣ್ಣಗಾಗುತ್ತೆ.

ಇಳಿದ ಮೇಲೆ ಮತ್ತೆ ತೂಕ ನೋಡಿಕೊಂಡು, ಇಳಿದ ಒಂದೊಂದು ಕೆಜಿಗೂ ಒಂದೂಕಾಲರಿಂದ ಒಂದೂವರೆ ಲೀಟರ್, ರಾತ್ರಿ ಊಟದವರೆಗೂ ಹಂಚಿ ಕುಡಿಯಿರಿ. ತೂಕ ಏರಿದ್ದರೆ ಕುಡಿದದ್ದು ಜಾಸ್ತಿಯಾಗಿದೆ, ಮುಂದಿನ ಸಲ ಕಮ್ಮಿ ಮಾಡಿ.

ಕೋಲಾರದ_ಕಲ್ಲು

ಶನಿವಾರ ಸಂಜೆಯೇ ಕ್ಯಾನ್ ತುಂಬಿಸಿ ಇಟ್ಟುಕೊಳ್ಳಿ. ಬೆಳಗ್ಗೆ 6ಕ್ಕೆ ಘಟಕ ತೆರೆದಿರ್ತದೆ ಅಂತ ನಂಬಿ ಬರಬೇಡಿ.